ಬೀಜಕ್ಕೆ ಕೈಗುಣ ಗೊತ್ತೆ?

ಹಸ್ತ ಮಳೆ ಕಳೆದು ಚಿತ್ತೆ ಹಿಡಿಯುವ ಹೊತ್ತಿಗೆ, ಅಂದರೆ ಅಕ್ಟೋಬರ್ ಎರಡನೆಯ ವಾರದ ಸುಮಾರಿಗೆ, ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಹಿತ್ತಿಲುಗಳಲ್ಲಿ ಒಂದು ಸಣ್ಣ ಕೆಲಸ ಶುರುವಾಗುತ್ತದೆ. ತಳ ತೂತಾದ ಬಾಂಡಲಿಗೋ, ಹಳೆಯ ಮಂಕರಿಗೋ, ಬಚ್ಚಲ ನೀರು ಹರಿಯುವಲ್ಲಿನ ಪುಟ್ಟ ಪಾತಿಗೋ ಒಂದಿಷ್ಟು ಕೊಟ್ಟಿಗೆ ಗೊಬ್ಬರದ ಪುಡಿ ಬೆರೆಸಿ ಚೆಂಡು ಹೂವಿನ ಬೀಜ, ಆಸ್ಟರ್ ಬೀಜ, ಜೀನಿಯಾ ಬೀಜ ಉದುರಿಸುತ್ತಾರೆ. ಧನುರ್ಮಾಸದ ಪೂಜೆಗೆ ನಾಲ್ಕು ಹೂ ಸಿಕ್ಕಬೇಕು, ಸಂಕ್ರಾಂತಿಗೆ ಬುಟ್ಟಿ ತುಂಬಬೇಕು, ಶಾಲೆಯಾದರೆ ಜನವರಿ 26ಕ್ಕೆ ಧ್ವಜಕಂಬದ ಸುತ್ತ ಬಣ್ಣ ಕಾಣಬೇಕು. ಲೆಕ್ಕಾಚಾರ ಇಷ್ಟೇ.

ಆದರೆ ಬೀಜ ಮಣ್ಣಿಗೆ ಬೀಳುವ ಮುಂಚೆ ಎಷ್ಟೋ ಮನೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ. "ನೀನು ಹಾಕಬೇಡ ಕಣಮ್ಮ, ನಿನ್ನ ಕೈಗುಣ ಆಗಿಬರಲ್ಲ. ನಿಮ್ಮತ್ತೆ ಕೈಲಿ ಹಾಕಿಸು." ಹೋದ ವರ್ಷ ಸೊಸೆ ಹಾಕಿದ ಆಸ್ಟರ್ ಏಳಲಿಲ್ಲ, ಅತ್ತೆ ಹಾಕಿದ ಚೆಂಡು ಹೂ ಸೊಂಪಾಗಿ ಬಂತು. ತೀರ್ಪು ಆಗಿಹೋಯಿತು. ಇದರ ಜೊತೆಗೆ ಇನ್ನೊಂದು ಕಟ್ಟಳೆ: ಮುಟ್ಟಾದವರು ಆ ಮೂರು ದಿನ ಹೂವಿನ ಪಾತಿಯ ಹತ್ತಿರ ಸುಳಿಯಬಾರದು, ಸುಳಿದರೆ ಸಸಿ ಬಾಡುತ್ತದೆ, ಬೀಜ ಹುಟ್ಟುವುದೇ ಇಲ್ಲ.

ಕೈಗುಣದ ಮಾತು ಪೂರ್ತಿ ಸುಳ್ಳೆಂದು ತಳ್ಳಿಹಾಕಬೇಕಾಗಿಲ್ಲ. ಕೆಲವರು ನೆಟ್ಟದ್ದು ಬರುತ್ತದೆ, ಕೆಲವರದ್ದು ಬರುವುದಿಲ್ಲ, ನಿಜ. ಬರುವವರ ಕೈಯನ್ನು ಒಂದು ದಿನ ಹಿಂಬಾಲಿಸಿದರೆ ಕಾರಣ ಕಾಣುತ್ತದೆ. ಅವರು ಮಣ್ಣನ್ನು ಜರಡಿ ಹಿಡಿದಿರುತ್ತಾರೆ. ಚೊಂಬಿನಿಂದ ನೀರು ಸುರಿಯದೆ ಅಂಗೈಯಿಂದ ಚಿಮುಕಿಸುತ್ತಾರೆ. ಬೆಳಿಗ್ಗೆ ಹಲ್ಲುಜ್ಜುವಾಗ ಒಮ್ಮೆ, ಸಂಜೆ ದೀಪ ಹಚ್ಚುವ ಮುಂಚೆ ಒಮ್ಮೆ ಪಾತಿಯ ಕಡೆ ಕಣ್ಣು ಹಾಯಿಸುತ್ತಾರೆ. ಇದು ಕೈಯ ಗುಣ ಎನ್ನುವುದಕ್ಕಿಂತ ಕೈಯ ಅಭ್ಯಾಸ. ಅಭ್ಯಾಸವನ್ನು ಇನ್ನೊಬ್ಬರು ಕಲಿಯಬಹುದು, ಹುಟ್ಟುಗುಣವನ್ನು ಕಲಿಯಲಾಗದು. 'ಕೈಗುಣವಿಲ್ಲ' ಎನ್ನಿಸಿಕೊಂಡವಳು ಮುಂದಿನ ವರ್ಷ ಪ್ರಯತ್ನವನ್ನೇ ಮಾಡುವುದಿಲ್ಲ. ಶಾಲೆಯ ತೋಟದಲ್ಲಿ ಎಲ್ಲರೂ ಪಾತಿ ಮಾಡುವಾಗ ಒಬ್ಬ ಹುಡುಗಿ ದೂರ ಕಟ್ಟೆಯ ಮೇಲೆ ಕುಳಿತಿದ್ದರೆ, ಅವಳು ಕಳೆದುಕೊಂಡದ್ದು ಒಂದು ಹೂವಿನ ಗಿಡವನ್ನು ಮಾತ್ರ ಅಲ್ಲ.

ಬೀಜಕ್ಕೆ ನಿಜವಾಗಿ ಏನು ಗೊತ್ತು? ನೀರು ಗೊತ್ತು, ಗಾಳಿ ಗೊತ್ತು, ಶಾಖ ಗೊತ್ತು. ಕೆಲವಕ್ಕೆ ಬೆಳಕೂ ಗೊತ್ತು. ಒಣ ಬೀಜದೊಳಗಿನ ಪುಟ್ಟ ಸಸಿ ನಿದ್ದೆಯಲ್ಲಿರುತ್ತದೆ. ನೀರು ಹೀರಿಕೊಂಡು ಉಬ್ಬಿದಾಗ ಅದರ ಉಸಿರಾಟ ಚುರುಕಾಗುತ್ತದೆ, ಕೂಡಿಟ್ಟ ಎಣ್ಣೆ ಪಿಷ್ಟಗಳು ಕರಗಿ ಆಹಾರವಾಗುತ್ತವೆ, ಮೊದಲು ಬೇರಿನ ತುದಿ ಹೊರಬರುತ್ತದೆ. ಇಲ್ಲಿಯವರೆಗೆ ಬಂದ ಮೇಲೆ ಹಿಂದಿರುಗುವ ದಾರಿ ಇಲ್ಲ. ಬೇರು ಮೂಡಿದ ಬೀಜ ಒಂದು ಮಧ್ಯಾಹ್ನ ಪೂರ್ತಿ ಒಣಗಿದರೂ ಸತ್ತಂತೆಯೇ. ಹಾಗೆಂದು ನೀರು ನಿಲ್ಲಿಸಿದರೆ ಮಣ್ಣಿನ ಸಂದುಗಳಲ್ಲಿದ್ದ ಗಾಳಿ ಹೊರಟುಹೋಗಿ ಬೀಜ ಉಸಿರುಕಟ್ಟಿ ಕೊಳೆಯುತ್ತದೆ.

ಬೆಳಕಿನ ವಿಷಯ ಹೆಚ್ಚು ಜನ ಗಮನಿಸದ್ದು. ಪೆಟೂನಿಯಾ ಬೀಜ ಒಂದು ಗ್ರಾಮಿಗೆ ಸುಮಾರು ಹತ್ತು ಸಾವಿರ ತೂಗುತ್ತದೆ, ನಸ್ಯದ ಪುಡಿಯಂತೆ. ಅದಕ್ಕೆ ಮೊಳೆಯಲು ಬೆಳಕು ಬೇಕು. ಮೇಲೆ ಮಣ್ಣು ಮುಚ್ಚಿದರೆ ಮುಗಿಯಿತು. ಇದಕ್ಕೆ ತದ್ವಿರುದ್ಧವಾಗಿ ಫ್ಲಾಕ್ಸ್ ಬೀಜಕ್ಕೆ ಕತ್ತಲೆ ಇಷ್ಟ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು ಲೆಟಿಸ್ ಸೊಪ್ಪಿನ ಬೀಜದ ಮೇಲೆ ಒಂದು ಸುಂದರ ಪ್ರಯೋಗವನ್ನು ಪ್ರಕಟಿಸಿದರು. ನೆನೆದ ಬೀಜಕ್ಕೆ ಕೆಂಪು ಬೆಳಕು ತೋರಿಸಿದರೆ ಮೊಳೆಯುತ್ತದೆ. ಕೆಂಪಿನ ನಂತರ ಕಣ್ಣಿಗೆ ಕಂಡೂ ಕಾಣದಂಥ ಕಡುಕೆಂಪು ತೋರಿಸಿದರೆ ಮೊಳೆಯುವುದಿಲ್ಲ. ಮತ್ತೆ ಕೆಂಪು ತೋರಿಸಿದರೆ ಮೊಳೆಯುತ್ತದೆ. ಹೀಗೆ ಎಷ್ಟು ಸಲ ಬದಲಾಯಿಸಿದರೂ ಕೊನೆಯಲ್ಲಿ ಬಿದ್ದ ಬೆಳಕು ಯಾವುದೋ ಅದರ ಮಾತೇ ನಡೆಯಿತು. ಈ ಬೆಳಕನ್ನು ಗುರುತಿಸುವ ವಸ್ತುವಿಗೆ ಆಮೇಲೆ ಫೈಟೋಕ್ರೋಮ್ ಎಂದು ಹೆಸರಾಯಿತು. ತನ್ನ ಮೇಲೆ ಕೊನೆಯಲ್ಲಿ ಬಿದ್ದ ಬೆಳಕು ಯಾವ ಬಣ್ಣದ್ದೆಂದು ಬೀಜ ನೆನಪಿಟ್ಟುಕೊಳ್ಳುತ್ತದೆ. ಉದುರಿಸಿದ ಕೈ ಯಾರದ್ದೆಂದು ತಿಳಿಯಲು ಅದರೊಳಗೆ ಯಾವ ಸಾಧನವೂ ಇಲ್ಲ.

ಶಾಖದ ಮಾತು ಬಂದಾಗ ಊರಿನ ಚಳಿಗಾಲವನ್ನು ನೋಡಬೇಕು. ಹಿಮ ಬೀಳುವ ದೇಶಗಳಲ್ಲಿ ಕೆಲವರು ನಡು ಚಳಿಗಾಲದಲ್ಲೇ ಮುಚ್ಚಳದ ಪ್ಲಾಸ್ಟಿಕ್ ಡಬ್ಬಗಳಲ್ಲಿ ಮಣ್ಣು ತುಂಬಿ, ಬೀಜ ಹಾಕಿ, ಅಂಗಳದ ಹಿಮದಲ್ಲಿ ಬಿಟ್ಟುಬಿಡುತ್ತಾರೆ. ಬೀಜ ತಿಂಗಳುಗಟ್ಟಲೆ ತಣ್ಣಗೆ ಕುಳಿತು, ವಸಂತದ ಬಿಸಿಲು ತಾಗಿದಾಗ ತಾನಾಗಿ ಏಳುತ್ತದೆ. ಅಲ್ಲಿನ ಕೆಲವು ಗಿಡಗಳ ಬೀಜಕ್ಕೆ ಆ ಶೀತವಿಲ್ಲದೆ ನಿದ್ದೆ ತಿಳಿಯುವುದೇ ಇಲ್ಲ. ಇಲ್ಲಿ ಹಾಗಲ್ಲ. ಕಡೂರಿನ ಬಯಲಲ್ಲಿ ಡಿಸೆಂಬರ್ ರಾತ್ರಿ ಎಷ್ಟೇ ಕೊರೆದರೂ ನೀರು ಹೆಪ್ಪುಗಟ್ಟುವ ಮಾತೇ ಇಲ್ಲ, ಹಗಲು ಬಿಸಿಲು ಹಿತವಾಗಿರುತ್ತದೆ. ಬಹುತೇಕ ಹೂಬೀಜಗಳು ಬಯಸುವುದು 18ರಿಂದ 25 ಡಿಗ್ರಿ ಸೆಲ್ಸಿಯಸ್. ಅಂದರೆ ಅವರ ವಸಂತವೇ ಇಲ್ಲಿನ ಚಳಿಗಾಲ. ವಿದೇಶಿ ಪ್ಯಾಕೆಟ್ಟಿನ ಮೇಲೆ 'ಮಾರ್ಚ್-ಏಪ್ರಿಲ್‌ನಲ್ಲಿ ಬಿತ್ತಿ' ಎಂದು ಅಚ್ಚಾಗಿದ್ದರೆ ಅದನ್ನು ಅಕ್ಟೋಬರ್ ಎಂದು ಓದಿಕೊಳ್ಳಬೇಕು. ಅಲ್ಲಿಯ ಮಾತು ನಂಬಿ ಯುಗಾದಿಗೆ ಬಿತ್ತಿದರೆ ಸಸಿ ಹೂ ಬಿಡುವ ಮುಂಚೆ ಬೆಂದುಹೋಗುತ್ತದೆ. ಆಗಲೂ ಬೈಗುಳ ಕೈಗೇ!

ಹಗಲಿನ ಉದ್ದವೂ ಬೇರೆ. ಡಿಸೆಂಬರ್ ಕೊನೆಯಲ್ಲಿ ಲಂಡನ್ನಿನಲ್ಲಿ ಹಗಲು ಎಂಟು ಗಂಟೆಗೂ ಕಡಿಮೆ. ಈ ಊರುಗಳಲ್ಲಿ ಸುಮಾರು 11 ಗಂಟೆ 20 ನಿಮಿಷ. ಕಾಸ್ಮಾಸ್‌ನಂಥ ಮೆಕ್ಸಿಕೋ ಮೂಲದ ಗಿಡಕ್ಕೆ ಹಗಲು ಕುಗ್ಗಿದಾಗಲೇ ಹೂ ಬಿಡುವ ಉತ್ಸಾಹ. ಚಿತ್ತೆಯಲ್ಲಿ ಬಿತ್ತಿದ ಕಾಸ್ಮಾಸ್ ಮೊಣಕಾಲೆತ್ತರಕ್ಕೇ ಹೂ ತೋರಿಸಿದರೆ ಗಿಡ ಬಡವಾಯಿತೆಂದು ಮರುಗಬೇಕಾಗಿಲ್ಲ.

ಒಂದೇ ಚಳಿಗಾಲವಾದರೂ ಮೂರು ಊರಿನ ಪಾತಿಗೂ ಮೂರು ಸ್ವಭಾವ. ಕಡೂರಿನ ಕಡೆ ಹೆಚ್ಚಾಗಿ ಕೆಂಪು ಮರಳು ಮಿಶ್ರಿತ ನೆಲ, ಸುತ್ತ ತೆಂಗಿನ ತೋಟ. ಮಳೆ ಹಿಂದೆ ಸರಿದ ಮೇಲೆ ಬೀಸುವ ಒಣಗಾಳಿಗೆ ಪಾತಿಯ ಮೇಲಿನ ಬೆರಳ ದಪ್ಪದ ಮಣ್ಣು ಮಧ್ಯಾಹ್ನದೊಳಗೆ ಪುಡಿಯಾಗುತ್ತದೆ. ಸಣ್ಣ ಬೀಜ ಇರುವುದೇ ಆ ಪದರದಲ್ಲಿ. ಬೆಳಿಗ್ಗೆ ನೀರು ಹಾಕಿ ಕೆಲಸಕ್ಕೆ ಹೋದವಳು ಸಂಜೆ ಬಂದು ಮತ್ತೆ ಹಾಕಿದರೂ ನಡುವೆ ಬೇರು ಒಣಗಿರುತ್ತದೆ. ಒದ್ದೆ ಗೋಣಿಚೀಲ ಹಾಸುವುದು, ತೆಂಗಿನ ಗರಿಯ ತೆಳುವಾದ ನೆರಳು ಕೊಡುವುದು ಇಲ್ಲಿ ಅವಶ್ಯ. ಮೊದಲ ಮೊಳಕೆ ಕಂಡ ದಿನವೇ ಗೋಣಿ ತೆಗೆಯಬೇಕು, ಇಲ್ಲವಾದರೆ ಸಸಿ ಬೆಳ್ಳಗೆ ಕಡ್ಡಿಯಂತೆ ಬೆಳೆದು ಮಲಗುತ್ತದೆ. ತೆಂಗಿನ ನಾರಿನ ಪುಡಿ ಸುಲಭವಾಗಿ ಸಿಗುವ ಸೀಮೆ ಇದು. ಎರಡು ಮೂರು ನೀರಿನಲ್ಲಿ ತೊಳೆದು ಉಪ್ಪಿನಂಶ ಹೋಗಿಸಿ, ಮರಳಿನೊಂದಿಗೆ ಬೆರೆಸಿದರೆ ಬೀಜಕ್ಕೆ ಇದಕ್ಕಿಂತ ಒಳ್ಳೆಯ ಹಾಸಿಗೆ ಬೇಡ.

ತರೀಕೆರೆಗೆ ಬಂದರೆ ತೊಂದರೆ ತಿರುಗುಮುರುಗು. ಅಡಿಕೆ ತೋಟದ ನೆರಳು, ಬೆಳಗಿನ ಇಬ್ಬನಿ, ಮಲೆನಾಡಿನ ಅಂಚಿನ ತೇವ. ಇಲ್ಲಿ ಬೀಜ ಏಳುತ್ತದೆ, ನಾಲ್ಕು ದಿನ ಚೆನ್ನಾಗಿ ಕಾಣುತ್ತದೆ, ಐದನೆಯ ಬೆಳಿಗ್ಗೆ ಸಾಲು ಸಾಲಾಗಿ ಮಲಗಿರುತ್ತದೆ. ಬುಡ ನೋಡಿದರೆ ನೀರಿನಲ್ಲಿ ಬೆಂದ ದಾರದಂತೆ ಸಣ್ಣಗಾಗಿರುತ್ತದೆ. ಇದೇ ಸಸಿ ಕೊಳೆರೋಗ. ಪಿಥಿಯಂ, ರೈಜೋಕ್ಟೋನಿಯಾ ಎಂಬ ಮಣ್ಣಿನ ಸೂಕ್ಷ್ಮಜೀವಿಗಳ ಕೆಲಸ. 'ರಾತ್ರಿ ಯಾರೋ ಮುಟ್ಟಿದರು' ಎಂಬ ಗುಮಾನಿ ಹುಟ್ಟುವುದು ಹೆಚ್ಚಾಗಿ ಈ ರೋಗದಿಂದಲೇ. ನಿನ್ನೆ ಸಂಜೆ ನೆಟ್ಟಗಿದ್ದದ್ದು ಬೆಳಗಾಗುವಷ್ಟರಲ್ಲಿ ಸತ್ತರೆ ಮನಸ್ಸು ಕಾರಣ ಹುಡುಕುತ್ತದೆ, ಕಣ್ಣಿಗೆ ಕಾಣದ ಶಿಲೀಂಧ್ರಕ್ಕಿಂತ ಕಣ್ಣೆದುರಿನ ಹೆಂಗಸು ಬೇಗ ಸಿಗುತ್ತಾಳೆ. ಪರಿಹಾರ ಸರಳ. ಪಾತಿಯನ್ನು ಗೇಣು ಎತ್ತರಿಸಿ ಏರುಮಡಿ ಮಾಡುವುದು, ಬೀಜ ವಿರಳವಾಗಿ ಹಾಕುವುದು, ಬೇಸಿಗೆಯಲ್ಲೇ ಆ ಮಣ್ಣನ್ನು ತೇವ ಮಾಡಿ ತೆಳು ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಿ ನಾಲ್ಕಾರು ವಾರ ಬಿಸಿಲಿಗೆ ಕಾಯಿಸುವುದು. ಬಿತ್ತುವಾಗ ಗೊಬ್ಬರಕ್ಕೆ ಟ್ರೈಕೋಡರ್ಮಾ ಬೆರೆಸಿದರೆ ಆ ಒಳ್ಳೆಯ ಶಿಲೀಂಧ್ರ ಕೆಟ್ಟದ್ದನ್ನು ಹತ್ತಿಕ್ಕುತ್ತದೆ. ರೋಗ ಕಂಡೇಬಿಟ್ಟರೆ ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಕಲಸಿ ಬುಡ ನೆನೆಸುವುದುಂಟು. ಸಂಜೆ ನೀರು ಹಾಕುವ ಪದ್ಧತಿಯನ್ನು ಈ ಊರಿನಲ್ಲಿ ಮಾತ್ರ ಬಿಡುವುದು ಮೇಲು.

ಇದೇ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಲ್ಲಿ ತೋಟಗಾರಿಕೆ ಇಲಾಖೆಯ ಉದ್ಯಾನವಿದೆ. ಅಲ್ಲಿಯ ಹೂ ನೋಡಿ ಮರುಳಾಗಿ ಅದೇ ಜಾತಿಯ ಬೀಜ ತಂದು ತರೀಕೆರೆ ಪೇಟೆಯಲ್ಲಿ ಹಾಕಿ ಸೋಲುವವರಿದ್ದಾರೆ. ಕೆಮ್ಮಣ್ಣುಗುಂಡಿ 1,400 ಮೀಟರಿಗೂ ಎತ್ತರ, ತರೀಕೆರೆ ಸುಮಾರು 700. ಸಾವಿರ ಮೀಟರ್ ಏರಿದರೆ ಆರೇಳು ಡಿಗ್ರಿ ತಂಪು ಎಂಬ ಲೆಕ್ಕದಲ್ಲಿ ಮೇಲೆ ನಾಲ್ಕೈದು ಡಿಗ್ರಿ ಕಡಿಮೆ. ಪ್ಯಾನ್ಸಿಯಂಥ ಚಳಿಪ್ರಿಯ ಹೂವಿಗೆ ಆ ನಾಲ್ಕು ಡಿಗ್ರಿಯೇ ಜೀವ.

ಈಗ ಬೇರೆ ತಾಲ್ಲೂಕಾಗಿರುವ ಅಜ್ಜಂಪುರದ ಸೀಮೆಯಲ್ಲಿ ಎರೆಮಣ್ಣು ಉಂಟು. ನೀರು ಬಿದ್ದರೆ ಅಂಟು, ಒಣಗಿದರೆ ಹೆಂಟೆ. ಮೇಲೆ ಕಟ್ಟುವ ಹಪ್ಪಳದಂಥ ಪದರವನ್ನು ಚೆಂಡು ಹೂವಿನ ಮೊಳಕೆ ಹೇಗೋ ಒಡೆದುಕೊಂಡು ಬಂದೀತು, ಆಸ್ಟರ್ ಬರಲಾರದು. ಬೀಜ ಕೆಟ್ಟದ್ದೆಂದು ಪಾತಿ ಕೆದಕಿದರೆ ಪದರದ ಕೆಳಗೆ ಬಿಳಿ ಮೊಳಕೆಗಳು ಸುರುಟಿ ಸತ್ತಿರುವುದು ಕಾಣುತ್ತದೆ. ಮೇಲಿನ ಎರಡಂಗುಲಕ್ಕೆ ಹೊಳೆಮರಳು ಮತ್ತು ಗೊಬ್ಬರ ಬೆರೆಸುವುದೊಂದೇ ಉಪಾಯ. ರಾಗಿಗೆ ಒಟ್ಟಲು ಹಾಕಿ ಪೈರು ಕೀಳುವ ಹಳೆಯ ಅನುಭವ ಇರುವ ಮನೆಗಳಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಬೀಜದ ವಯಸ್ಸು. ಅತ್ತೆಯ ಚೆಂಡು ಹೂ ಗೆದ್ದು ಸೊಸೆಯ ಆಸ್ಟರ್ ಸೋತದ್ದರ ಗುಟ್ಟು ಬಹುಶಃ ಇಲ್ಲೇ ಇದೆ. ಚೆಂಡು ಹೂವಿನ ಬೀಜ ಎರಡು ಮೂರು ವರ್ಷ ತಡೆಯುತ್ತದೆ, ನಾಲ್ಕರಿಂದ ಏಳು ದಿನಕ್ಕೆ ಮೊಳೆಯುತ್ತದೆ, ಹೆಚ್ಚು ಬೇಡಿಕೆ ಇಲ್ಲದ ಗಿಡ. ಆಸ್ಟರ್ ಹಾಗಲ್ಲ. ಸಾಧಾರಣ ಡಬ್ಬದಲ್ಲಿಟ್ಟ ಬೀಜ ಒಂದು ವರ್ಷ ದಾಟುವಷ್ಟರಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಒಳ್ಳೆಯ ಬೀಜವೂ ಏಳಲು ಎಂಟರಿಂದ ಹನ್ನೆರಡು ದಿನ ಬೇಕು. ಒಂದು ವಾರ ಕಾದು, ಇದು ಬರಲಿಲ್ಲ ಎಂದು ಪಾತಿ ಕಿತ್ತು ಕೊತ್ತಂಬರಿ ಹಾಕಿದವರೂ ಇದ್ದಾರೆ! ಬಿತ್ತುವ ಹತ್ತು ದಿನ ಮುಂಚೆ 20 ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತಟ್ಟೆಯಲ್ಲಿಟ್ಟರೆ ಸತ್ಯ ತಿಳಿಯುತ್ತದೆ. ಹದಿನಾಲ್ಕು ಮೊಳೆತರೆ ಬೀಜ ಚೆನ್ನಾಗಿದೆ. ನಾಲ್ಕು ಮೊಳೆತರೆ ಹೊಸ ಬೀಜ ತರಬೇಕು. ಈ ಪರೀಕ್ಷೆಗೆ ಖರ್ಚು ಒಂದು ಹಳೆಯ ಬಟ್ಟೆ ಚೂರು.

ಇರುವೆಯನ್ನು ಮರೆಯಬಾರದು. ಸಂಜೆ ಉದುರಿಸಿದ ಬೀಜವನ್ನು ರಾತ್ರಿಯೆಲ್ಲ ಸಾಲು ಹಿಡಿದು ಸಾಗಿಸುವ ಇರುವೆಗಳಿಂದ ಎಷ್ಟು ಜನರ ಕೈಗುಣ ಕೆಟ್ಟಿದೆಯೋ! ಪಾತಿಯ ಸುತ್ತ ಒಲೆಬೂದಿಯ ಗೆರೆ ಎಳೆಯುವ ರೂಢಿ ಒಳ್ಳೆಯದೇ. ಬೂದಿ ನೆನೆದರೆ ಕೆಲಸ ಮಾಡದು, ಮತ್ತೆ ಎಳೆಯಬೇಕು.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಒಬ್ಬರ ಪಾತಿಯಲ್ಲಿ ಹೆಚ್ಚು, ಒಬ್ಬರದ್ದರಲ್ಲಿ ಕಡಿಮೆ ಬಂದೇ ಬರುತ್ತದೆ. ಅದು ಬರೀ ಆಕಸ್ಮಿಕದ ಲೆಕ್ಕ. ನೂರಕ್ಕೆ ಎಪ್ಪತ್ತು ಮೊಳೆಯುವಂಥ ಒಳ್ಳೆಯ ಬೀಜದಲ್ಲಿ ಐವತ್ತನ್ನು ಎಣಿಸಿ ಹಾಕಿದರೆ 35 ಬರಬೇಕು ಎಂದು ಎಲ್ಲರೂ ಎಣಿಸುತ್ತಾರೆ. ಆದರೆ ಸಂಭಾವ್ಯತೆಯ ಗಣಿತದ ಪ್ರಕಾರ 29ರಿಂದ 41ರವರೆಗೆ ಎಷ್ಟು ಬಂದರೂ ಆಶ್ಚರ್ಯವಿಲ್ಲ. 20 ಸಲ ಬಿತ್ತಿದರೆ 19 ಸಲ ಈ ಎಲ್ಲೆಯೊಳಗೇ ಬೀಳುತ್ತದೆ. ಒಂದೇ ಪೊಟ್ಟಣದ ಬೀಜ, ಒಂದೇ ಮಣ್ಣು, ಒಂದೇ ನೀರು ಇದ್ದೂ ಅಕ್ಕನಿಗೆ 40, ತಂಗಿಗೆ 30 ಬಂದರೆ ಮನೆಯಲ್ಲಿ ಏನು ಮಾತು ಹುಟ್ಟುತ್ತದೆ ಎಂದು ಹೇಳಬೇಕೆ?

ಅನುಮಾನವಿದ್ದವರು ಪರೀಕ್ಷಿಸಿ ನೋಡಬಹುದು. ಶಾಲೆಗೆ ಹೇಳಿ ಮಾಡಿಸಿದ ಪ್ರಯೋಗ ಇದು. ಒಂದೇ ಅಳತೆಯ ಹತ್ತು ಕುಂಡ, ಒಂದೇ ರಾಶಿಯ ಮಣ್ಣು, ಒಂದೇ ಪೊಟ್ಟಣದಿಂದ ಕುಂಡಕ್ಕೆ 20 ಚೆಂಡು ಹೂವಿನ ಬೀಜ. ಹತ್ತು ಮಂದಿ ಒಂದೊಂದು ಕುಂಡಕ್ಕೆ ಬಿತ್ತಲಿ. 'ಒಳ್ಳೆಯ ಕೈ' ಎನ್ನಿಸಿಕೊಂಡವರೂ 'ಕೆಟ್ಟ ಕೈ' ಎನ್ನಿಸಿಕೊಂಡವರೂ ಅವರಲ್ಲಿರಲಿ. ಕುಂಡದ ತಳದಲ್ಲಿ ಸಂಖ್ಯೆ ಮಾತ್ರ ಇರಬೇಕು, ಯಾವ ಸಂಖ್ಯೆ ಯಾರದ್ದೆಂಬ ಚೀಟಿ ಮುಚ್ಚಿದ ಲಕೋಟೆಯಲ್ಲಿರಬೇಕು. ನೀರು ಹಾಕುವವರು ಒಬ್ಬರೇ, ಎಣಿಸುವವರು ಇನ್ನೊಬ್ಬರು, ಇಬ್ಬರಿಗೂ ಲಕೋಟೆಯೊಳಗೆ ಏನಿದೆಯೆಂದು ತಿಳಿದಿರಬಾರದು. ಹತ್ತನೆಯ ದಿನ ಎಣಿಸಿ, ಆಮೇಲೆ ಲಕೋಟೆ ಒಡೆಯುವುದು. ಒಮ್ಮೆ ಸಾಲದು, ಎರಡು ಮೂರು ಸಲ ಮಾಡಬೇಕು. ನಿಜವಾದ ಕೈಗುಣವಿದ್ದರೆ ಅದೇ ಕೈ ಪ್ರತಿ ಸಲವೂ ಮುಂದಿರಬೇಕಲ್ಲ! ಯಾವ ಹುಡುಗಿ ಯಾವ ದಿನ ಬಿತ್ತಿದಳು ಎಂದು ಯಾರೂ ಕೇಳಬೇಕಾಗಿಲ್ಲ, ಆ ಲೆಕ್ಕವೂ ಎಣಿಕೆಯೊಳಗೇ ಸೇರಿಹೋಗಿರುತ್ತದೆ.

ಮುಟ್ಟಿನ ನಂಬಿಕೆ ಹಳ್ಳಿಯವರ ಅಜ್ಞಾನ ಎಂದು ಪೇಟೆಯವರು ನಗಬಾರದು. ಕ್ರಿ.ಶ. ಒಂದನೆಯ ಶತಮಾನದ ರೋಮನ್ ಪಂಡಿತ ಪ್ಲಿನಿ ತನ್ನ ದೊಡ್ಡ ವಿಜ್ಞಾನ ಗ್ರಂಥದಲ್ಲಿ ಮುಟ್ಟಾದವರ ಸೋಂಕಿನಿಂದ ಪೈರು ಬಂಜೆಯಾಗುತ್ತದೆ, ತೋಟದ ಗಿಡ ಒಣಗುತ್ತದೆ ಎಂದು ಬರೆದಿಟ್ಟ. ಅವನನ್ನೂ ಬಿಡೋಣ. ಗಂಟಲಮಾರಿ ರೋಗದ ಪರೀಕ್ಷೆ ಕಂಡುಹಿಡಿದು ಜಗತ್ತಿಗೆ ಉಪಕಾರ ಮಾಡಿದ ವಿಯೆನ್ನಾದ ಮಕ್ಕಳ ವೈದ್ಯ ಬೇಲಾ ಷಿಕ್, 1920ರಲ್ಲಿ ಒಂದು ಲೇಖನ ಪ್ರಕಟಿಸಿದ. ತಾನು ಮನೆಗೆಲಸದವಳ ಕೈಗೆ ಕೊಟ್ಟ ಕೆಂಪು ಗುಲಾಬಿಗಳು ಬೇಗ ಬಾಡಿದವು, ಅವಳು ಆಗ ಮುಟ್ಟಾಗಿದ್ದಳು, ಆದ್ದರಿಂದ ಮುಟ್ಟಿನ ಸಮಯದಲ್ಲಿ ಚರ್ಮದಿಂದ ಒಂದು ವಿಷ ಹೊರಬರುತ್ತಿರಬೇಕು ಎಂದು! ಆ ವಿಷಕ್ಕೆ 'ಮೆನೋಟಾಕ್ಸಿನ್' ಎಂಬ ಹೆಸರೂ ಸಿದ್ಧವಾಯಿತು. ಅದರ ಬೆನ್ನುಹತ್ತಿ ಕೆಲವರು ವರ್ಷಗಟ್ಟಲೆ ಪ್ರಯೋಗ ಮಾಡಿದರು. ಅಂಥದೊಂದು ವಿಷವಿದೆಯೆಂದು ಕೊನೆಗೂ ಸ್ಥಿರಪಡಲಿಲ್ಲ. ಕತ್ತರಿಸಿದ ಗುಲಾಬಿ ಯಾರ ಕೈಯಲ್ಲಿದ್ದರೂ ಬಾಡುತ್ತದೆ. ಕಾಂಡದ ನೀರಿನ ಕೊಳವೆಗೆ ಗಾಳಿಗುಳ್ಳೆ ಸೇರಿಕೊಂಡರೆ, ಬ್ಯಾಕ್ಟೀರಿಯಾ ತುಂಬಿಕೊಂಡರೆ ನೀರು ಮೇಲೇರುವುದಿಲ್ಲ, ಹೂ ತಲೆ ಬಗ್ಗಿಸುತ್ತದೆ. ವೈದ್ಯನ ಕೈಯಲ್ಲೇ ಉಳಿದಿದ್ದರೂ ಮರುದಿನ ಅದೇ ಗತಿಯಾಗುತ್ತಿತ್ತೋ ಏನೋ.

ಅಷ್ಟು ದೂರ ಹೋಗುವುದೂ ಬೇಡ. ಕರ್ನಾಟಕದ ಸೇವಂತಿಗೆ, ಚೆಂಡು ಹೂ, ಆಸ್ಟರ್ ಹೊಲಗಳಲ್ಲಿ ಕಳೆ ತೆಗೆಯುವವರು, ಹೂ ಬಿಡಿಸುವವರು, ಆಮೇಲೆ ಕಟ್ಟಿ ಮಾರುವವರು ಬಹುಪಾಲು ಹೆಂಗಸರೇ. ತಿಂಗಳಿನ ದಿನ ಕೇಳಿ ಯಾರೂ ಕೂಲಿಗೆ ಕರೆಯುವುದಿಲ್ಲ. ನಂಬಿಕೆ ನಿಜವಾಗಿದ್ದರೆ ಪೇಟೆಗೆ ಒಂದು ಮಾರು ಹೂವೂ ಬರುತ್ತಿರಲಿಲ್ಲ, ದೇವರ ತಲೆಯ ಮೇಲೆ ಏರುವುದಂತೂ ದೂರದ ಮಾತು.

ಇನ್ನು ಈ ಚಳಿಗಾಲದ ಲೆಕ್ಕ. ಆಸ್ಟರ್ ಬಿತ್ತಿದ ದಿನದಿಂದ ಹೂವಿಗೆ ಸುಮಾರು ನೂರು ದಿನ, ಹಾಗಾಗಿ ಸಂಕ್ರಾಂತಿಗೆ ಬೇಕಾದರೆ ಅಕ್ಟೋಬರ್ ಮೊದಲ ವಾರ, ಗಣರಾಜ್ಯೋತ್ಸವಕ್ಕಾದರೆ ಹದಿನೈದರೊಳಗೆ. ಚೆಂಡು ಹೂ, ಜೀನಿಯಾ ಎರಡು ತಿಂಗಳ ಮೇಲೆ ಸ್ವಲ್ಪ. ಅವನ್ನು ಸ್ವಾತಿ ಮಳೆಯ ನಡುವೆ, ನವೆಂಬರ್ ಮೊದಲ ವಾರದವರೆಗೂ ಹಾಕಬಹುದು. ಉತ್ತರೆಯಲ್ಲೇ ಆತುರಪಟ್ಟರೆ ಜೋರು ಮಳೆ ಬೀಜ ಕೊಚ್ಚೀತು. ಬೀಜ ತನ್ನ ದಪ್ಪದ ಎರಡರಷ್ಟು ಆಳಕ್ಕೆ, ಪೆಟೂನಿಯಾ ಮಾತ್ರ ಮಣ್ಣಿನ ಮೇಲೇ. ಅದನ್ನು ದಂಟಿನ ಬೀಜಕ್ಕೆ ಮಾಡುವಂತೆ ಜರಡಿ ಹಿಡಿದ ಮರಳಿನೊಂದಿಗೆ ಕಲಸಿ ಉದುರಿಸಬೇಕು. ನಾಲ್ಕೈದು ಎಲೆ ಬಂದಾಗ, ಮೂರು ನಾಲ್ಕು ವಾರಕ್ಕೆ, ಸಂಜೆ ಹೊತ್ತು ಕಿತ್ತು ನೆಡುವುದು. ಚೆಂಡು ಹೂವಿನ ಕುಡಿ ಚಿವುಟಿದರೆ ಹೂ ಒಂದಿಷ್ಟು ತಡವಾದರೂ ಕವಲು ಹೆಚ್ಚು.

ಬೀಜ ಉಳಿಸುವವರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕಾಮಿನಿ, ಪೂರ್ಣಿಮಾ, ಶಶಾಂಕ್, ವಯಲೆಟ್ ಕುಶನ್ ಆಸ್ಟರ್‌ಗಳನ್ನು ಬೆಳೆಯಬಹುದು. ಇವು ಹೈಬ್ರಿಡ್ ಅಲ್ಲ, ಆಸ್ಟರ್ ಹೆಚ್ಚಾಗಿ ತನ್ನ ಪರಾಗದಿಂದಲೇ ಬೀಜ ಕಟ್ಟುವುದರಿಂದ ತಳಿ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಅಂಗಡಿಯ ಎಫ್-1 ಚೆಂಡು ಹೂವಿನ ಬೀಜ ಉಳಿಸಿ ಬಿತ್ತಿದರೆ ಮುಂದಿನ ವರ್ಷ ಒಂದೊಂದು ಗಿಡ ಒಂದೊಂದು ತರ. ಫೆಬ್ರುವರಿಯಲ್ಲಿ ಹೂ ಗಿಡದಲ್ಲೇ ಒಣಗಿ ಕಂದಾದ ಮೇಲೆ, ಇಬ್ಬನಿ ಆರಿದ ಹೊತ್ತಿನಲ್ಲಿ ಕಿತ್ತು, ನೆರಳಲ್ಲಿ ನಾಲ್ಕು ದಿನ ಹರಡಿ, ಒಣಬೂದಿ ಬೆರೆಸಿ ಕಾಗದದ ಪೊಟ್ಟಣ ಕಟ್ಟಿ ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟರೆ ಸಾಕು. ಪೊಟ್ಟಣದ ಮೇಲೆ ಹೂವಿನ ಹೆಸರು ಬರೆಯದಿದ್ದರೂ ನಡೆದೀತು, ನೋಡಿದರೆ ಗುರುತು ಸಿಗುತ್ತದೆ. ಕಿತ್ತ ತಿಂಗಳು, ವರ್ಷ ಮಾತ್ರ ಬರೆದಿರಲೇಬೇಕು.